ಡೀಸೆಲ್ ಗಾಡಿಯ ನಾದೋಪಾಸಕ

ನಾದೋಪಾಸಕರಲ್ಲಿ ವೀಣೆ ಹಿಡಿದವರು, ತಂಬೂರಿ ಹಿಡಿದವರು, ಕಡೆಗೆ ಭಜನೆಯ ತಾಳವನ್ನಾದರೂ ಹಿಡಿದವರು ಪ್ರಸಿದ್ಧರಾಗಿದ್ದರೂ, ಸ್ಟಿಯರಿಂಗ್ ಹಿಡಿದು ನಾದವನ್ನು ಅರಸುವ ಒಂದು ವರ್ಗ ಬೆಂಗಳೂರಿನಂಥ ನಗರಗಳಲ್ಲಿ ಬೆಳೆದು ನಿಂತಿರುವುದನ್ನು ಸಂಗೀತಶಾಸ್ತ್ರಜ್ಞರಾಗಲಿ ಸಾರಿಗೆ ಇಲಾಖೆಯಾಗಲಿ ಇನ್ನೂ ಗಮನಿಸಿದಂತಿಲ್ಲ. ಈ ವರ್ಗದವನ ವಯಸ್ಸು ಐವತ್ತರ ಆಸುಪಾಸು. ಅವನ ಬಳಿ ಇರುವುದು 1998ರಲ್ಲಿ ಮಾರುಕಟ್ಟೆಗೆ ಬಂದ ಟಾಟಾ ಸಫಾರಿಯೋ, 2000ದಲ್ಲಿ ಬಿಡದಿಯ ಕಾರ್ಖಾನೆಯಿಂದ ಹೊರಟ ಟೊಯೋಟಾ ಕ್ವಾಲಿಸೋ, 2002ರಲ್ಲಿ ಬಂದ ಮಹೀಂದ್ರಾ ಸ್ಕಾರ್ಪಿಯೋವೋ ಆಗಿದ್ದು, ನೋಂದಣಿಯ ಮೊದಲ 15 ವರ್ಷಗಳು ಮುಗಿದ ಮೇಲೆ ಆರ್‌ಟಿಒ ಕಚೇರಿಯ ಅಂಗಳದಲ್ಲಿ ಅರ್ಧ ದಿನ ನಿಂತು ಇನ್ನೂ 5 ವರ್ಷಗಳ ಆಯುಸ್ಸನ್ನು ಪಡೆದು ಬಂದಿರುತ್ತದೆ. ಹೀಗೆ ಮರುಹುಟ್ಟು ಪಡೆದ ಗಾಡಿಗೆ ಹೊಸ ಟೈರು, ಹೊಸ ಬ್ರೇಕು, ಹೊಸ ಶಾಕ್ ಅಬ್ಸಾರ್ಬರು ಬೇಕೆಂಬುದು ಮೆಕ್ಯಾನಿಕ್ಕಿನ ಮತ. ಮೊದಲು ಎಸಿ ರಿಪೇರಿಯಾಗಬೇಕೆಂಬುದು ಹೆಂಡತಿಯ ಮತ. ಬೇಕಾಗಿರುವುದು ಹೊಸ ಸ್ಟೀರಿಯೋ ಎಂಬುದು ನಾದೋಪಾಸಕನ ಮತ. ಮತತ್ರಯಗಳ ಈ ವಾದದಲ್ಲಿ ದುಡ್ಡು ಎಣಿಸುವವನ ಪಕ್ಷವೇ ಸಿದ್ಧಾಂತವಾಗಿ ನಿಲ್ಲುತ್ತದೆ.

ಈ ಹಂಬಲದ ಮೂಲವನ್ನು ಸಂಗೀತಪ್ರೇಮದಲ್ಲಿ ಹುಡುಕುವುದು ವ್ಯರ್ಥ. ಅದು ಸಾಮಾನ್ಯವಾಗಿ ಎದುರುಮನೆಯ ಗೇಟಿನ ಮುಂದೆ ಹೂವಿನ ಹಾರ ಹಾಕಿಸಿಕೊಂಡು, ಚಕ್ರದ ಕೆಳಗೆ ನಿಂಬೆಹಣ್ಣು ಇಡಿಸಿಕೊಂಡು ನಿಂತ ಹೊಸ ಕಾರಿನಲ್ಲಿರುತ್ತದೆ. ಪೂಜೆಯ ಪ್ರಸಾದ ತಿನ್ನಲು ಹೋದ ನಾದೋಪಾಸಕನನ್ನು ಎದುರುಮನೆಯವರು ಒಳಗೆ ಕೂರಿಸಿ, ತಟ್ಟೆಯಗಲದ ಪರದೆಯನ್ನು ಬೆರಳಲ್ಲಿ ಸವರಿ ತೋರಿಸುತ್ತಾರೆ. "ಈಗಿನವೆಲ್ಲ ತಗಡು ಕಣ್ರೀ, ನಮ್ಮದು ಕಬ್ಬಿಣ" ಎಂದು ಮನೆಗೆ ಬಂದು ಹೇಳಿಕೊಳ್ಳುವಾಗ ಅವನ ದನಿ ಗಟ್ಟಿಯಾಗಿಯೇ ಇರುತ್ತದೆಯಾದರೂ, ಕಬ್ಬಿಣವು ಪರದೆಗೆ ಉತ್ತರವಲ್ಲವೆಂಬುದು ಅವನಿಗೂ ಗೊತ್ತಿರುತ್ತದೆ. ಹೊಸ ಗಾಡಿಗೆ ಹತ್ತೆಂಟು ಲಕ್ಷ ಬೇಕು, ಹೊಸ ಸೆಟ್ಟಿಗೆ ಎಂಟು ಸಾವಿರ ಸಾಕು ಎಂಬ ಲೆಕ್ಕ ಅಂದು ರಾತ್ರಿಯೇ ಹುಟ್ಟುತ್ತದೆ. ಆ ಎಂಟು ಸಾವಿರವನ್ನು ಅಂಕೆಯೆಂದು ತಿಳಿಯದೆ, ಮದುವೆ ಮಾತುಕತೆಯಲ್ಲಿ ‘ಸಿಂಪಲ್ಲಾಗಿ ಮಾಡೋಣ’ ಎನ್ನುವಂಥ ಒಂದು ಶಿಷ್ಟಾಚಾರದ ನುಡಿಯೆಂದು ತಿಳಿಯಬೇಕು.

ಕಾರ್ಖಾನೆಯಿಂದ ಗಾಡಿಯೊಂದಿಗೇ ಬಂದ ಸ್ಟೀರಿಯೋವನ್ನು ಈ ವಲಯದಲ್ಲಿ ‘ಕಂಪನಿ ಸೆಟ್’ ಎನ್ನುತ್ತಾರೆ. ಕ್ಯಾಸೆಟ್ ನುಂಗುವ ಒಂದು ಬಾಯಿ, ಒತ್ತಿ ಒತ್ತಿ ಅಂಕಿ ಅಳಿಸಿಹೋದ ಆರು ಗುಂಡಿಗಳು, ತಿರುಗಿಸಿದಾಗಲೆಲ್ಲ ಕರಕರ ಎನ್ನುವ ವಾಲ್ಯೂಮ್ ಅದರ ಲಕ್ಷಣಗಳು. ಬಹುಕಾಲದ ಹಿಂದೆ ಅದು ನುಂಗಿದ ಭಾವಗೀತೆಗಳ ಕ್ಯಾಸೆಟ್ಟೊಂದು ಇಂದಿಗೂ ಹೊರಬಂದಿಲ್ಲವಾದ್ದರಿಂದ, ಉಳಿದಿರುವುದು ರೇಡಿಯೋ ಒಂದೇ. ಈ ಸೆಟ್ಟನ್ನು ಕಿತ್ತಾಗ ಡ್ಯಾಶ್‌ಬೋರ್ಡಿನಲ್ಲಿ ಕಾಣುವ ಗೂಡು 180 ಮಿ.ಮೀ. ಅಗಲ, 50 ಮಿ.ಮೀ. ಎತ್ತರವಿರುತ್ತದೆ. ಜರ್ಮನಿಯ ಮಾನಕ ಸಂಸ್ಥೆಯ ಹೆಸರಿನ ಮೊದಲಕ್ಷರಗಳಿಂದ ‘ಡಿನ್’ ಎಂದು ಕರೆಸಿಕೊಂಡ ಈ ಅಳತೆಗೆ ಐಎಸ್‌ಒ 7736 ಎಂಬ ಅಂತರರಾಷ್ಟ್ರೀಯ ಮಾನ್ಯತೆಯೂ ಉಂಟು. ಡಿನ್ನಿಗೂ ಡಿಂಡಿಮಕ್ಕೂ ವ್ಯುತ್ಪತ್ತಿಯಲ್ಲಿ ನಂಟಿಲ್ಲ, ಫಲದಲ್ಲಿ ಇದೆ. ಎದುರುಮನೆಯಲ್ಲಿ ಕಂಡಂಥ ಪರದೆಗೆ ಎತ್ತರ ಇಮ್ಮಡಿ, ಅಂದರೆ 100 ಮಿ.ಮೀ., ಬೇಕಾಗುವುದರಿಂದ ಅದನ್ನು ‘ಡಬಲ್ ಡಿನ್’ ಎನ್ನುತ್ತಾರೆ. ಗೂಡಿಗೂ ಆಸೆಗೂ ನಡುವಣ ಈ 50 ಮಿ.ಮೀ. ಅಂತರವನ್ನು ಹ್ಯಾಕ್ಸಾ ಬ್ಲೇಡಿನಿಂದ ತುಂಬಿಸಲಾಗುತ್ತದೆ. ಕೆಳಗಿದ್ದ ಟೋಲ್ ಚಿಲ್ಲರೆಯ ಪುಟ್ಟ ಖಾನೆ ಬಲಿಯಾದುದಕ್ಕೆ, 2021ರಲ್ಲಿ ಫಾಸ್ಟ್ಯಾಗ್ ಕಡ್ಡಾಯವಾದ ಮೇಲೆ ಅದಕ್ಕೇನು ಕೆಲಸ ಎಂಬ ಸಮರ್ಥನೆ ಸಿದ್ಧವಿರುತ್ತದೆ.

ಈ ಶಸ್ತ್ರಕ್ರಿಯೆ ನಡೆಯುವ ಕ್ಷೇತ್ರ ಬೆಂಗಳೂರಿನ ಜೆ.ಸಿ. ರಸ್ತೆ. ಟೌನ್‌ಹಾಲಿನಿಂದ ಮಿನರ್ವ ವೃತ್ತದ ಕಡೆಗೆ ಸಾಗುವ ಈ ರಸ್ತೆಯ ಒಂದು ತುದಿಯಲ್ಲಿ, ರವೀಂದ್ರನಾಥ ಠಾಕೂರರ ಜನ್ಮಶತಾಬ್ದಿಯ ನೆನಪಿಗೆಂದು ಕಟ್ಟಿ 1963ರಲ್ಲಿ ತೆರೆದ ರವೀಂದ್ರ ಕಲಾಕ್ಷೇತ್ರವಿದ್ದು, ಅಲ್ಲಿ ನಟರು ಕೊನೆಯ ಸಾಲಿನವರೆಗೆ ಸ್ವಂತ ಗಂಟಲನ್ನು ಮುಟ್ಟಿಸಲು ವರ್ಷಗಟ್ಟಲೆ ಸಾಧನೆ ಮಾಡುತ್ತಾರೆ. ಅದೇ ರಸ್ತೆಯಲ್ಲಿ ಸ್ವಲ್ಪ ಮುಂದೆ, ಸೀಟ್ ಕವರಿನ ರಾಶಿಗಳ ನಡುವೆ, ಅದೇ ಸಿದ್ಧಿಯನ್ನು ಅರ್ಧ ದಿನದಲ್ಲಿ ತಂತಿ ಜೋಡಿಸಿ ಕೊಡಲಾಗುತ್ತದೆ. ನಾದೋಪಾಸಕ ಅಲ್ಲಿಗೆ ಹೋಗುವುದು ಶನಿವಾರ. ಅಂಗಡಿಯ ಮುಂದಿನ ಫುಟ್‌ಪಾತಿನ ಅಂಚಿಗೆ ಗಾಡಿ ನಿಂತ ಎರಡು ನಿಮಿಷದಲ್ಲಿ ಹುಡುಗನೊಬ್ಬ ಅದರ ಕೆಳಗೆ ಅರ್ಧ, ಒಳಗೆ ಅರ್ಧ ಆಗಿರುತ್ತಾನೆ. ಎಂಟು ಸಾವಿರದ ಮಾತು ಕೇಳಿದ ಮಾಲೀಕ ನಗುವುದಿಲ್ಲ, ಟೀ ತರಿಸುತ್ತಾನೆ. "ಸೆಟ್ ಹಾಕ್ಕೊಡ್ತೀನಿ ಸಾರ್, ಅದಲ್ಲ. ಆದ್ರೆ ಹಳೇ ಸ್ಪೀಕರಿಗೆ ಹೊಸ ಸೆಟ್ ಹಾಕಿದ್ರೆ ನಿಮಗೇ ಬೇಜಾರಾಗತ್ತೆ." ಗಿರಾಕಿಯ ಬೇಜಾರನ್ನು ಗಿರಾಕಿಗಿಂತ ಮೊದಲೇ ಅನುಭವಿಸುವ ಈ ಸಹೃದಯತೆಯೇ ಆ ವ್ಯಾಪಾರದ ಬಂಡವಾಳ.

ಇಲ್ಲಿಂದ ಮುಂದೆ ನಾದೋಪಾಸಕನ ವಿದ್ಯಾಭ್ಯಾಸ ಆರಂಭವಾಗುತ್ತದೆ. ಹಳದಿ ತಂತಿ ಬ್ಯಾಟರಿಯಿಂದ ಸದಾ ಬರುವ 12 ವೋಲ್ಟು, ಕೆಂಪು ತಂತಿ ಕೀಲಿ ತಿರುಗಿಸಿದಾಗ ಮಾತ್ರ ಬರುವುದು, ಕಪ್ಪು ತಂತಿ ಗಾಡಿಯ ಮೈಗೆ ಕೂಡಿಸುವ ಅರ್ತಿಂಗ್, ಬಿಳಿ ಮುಂದಿನ ಎಡಕ್ಕೆ, ಬೂದು ಮುಂದಿನ ಬಲಕ್ಕೆ, ಹಸಿರು ಹಿಂದಿನ ಎಡಕ್ಕೆ, ನೇರಳೆ ಹಿಂದಿನ ಬಲಕ್ಕೆ ಎಂಬ ವರ್ಣವಿಭಾಗವನ್ನು ಅವನು ಒಂದೇ ದಿನದಲ್ಲಿ ಕಂಠಪಾಠ ಮಾಡುತ್ತಾನೆ. ಮಗಳು ಯಾವ ಸೆಮಿಸ್ಟರಿನಲ್ಲಿದ್ದಾಳೆಂದು ಕೇಳಿದರೆ ಮಾತ್ರ ತಡವರಿಸುತ್ತಾನೆ. ವಾಟ್ ಎಂಬುದು ಶಕ್ತಿಯ ಅಳತೆಯೆಂದು ಶಾಲೆಯಲ್ಲಿ ಓದಿದ್ದವನಿಗೆ, ಸೆಟ್ಟಿನ ಡಬ್ಬಿಯ ಮೇಲೆ ಅದು ಕಾವ್ಯಾಲಂಕಾರವೆಂಬುದು ಈಗ ತಿಳಿಯುತ್ತದೆ. ‘50 ವಾಟ್ × 4’ ಎಂದು ಅಲ್ಲಿ ಅಚ್ಚಾಗಿದ್ದರೂ, ಎಂಜಿನ್ ಓಡುವಾಗ ಸಿಗುವ ಸುಮಾರು 14 ವೋಲ್ಟು 4 ಓಮ್ ಪ್ರತಿರೋಧದ ಸ್ಪೀಕರಿಗೆ ನೇರವಾಗಿ ಕೊಡಬಲ್ಲ ಶುದ್ಧ ಶಕ್ತಿ 25 ವಾಟನ್ನು ದಾಟಲಾರದು. ಬಿಡದೆ ಕೊಡಬಲ್ಲ ಈ ಪ್ರಾಮಾಣಿಕ ಶಕ್ತಿಗೆ ‘ಆರ್‌ಎಂಎಸ್’ ಎಂಬ ಹೆಸರಿದ್ದು, ಅದನ್ನು ಡಬ್ಬಿಯ ತಳದಲ್ಲಿ ಇರುವೆ ಅಕ್ಷರದಲ್ಲಿ ಅಚ್ಚು ಮಾಡುತ್ತಾರೆ. ಹೆಚ್ಚು ಬೇಕೆಂದರೆ ಆಂಪ್ಲಿಫೈಯರ್, ಅಂದರೆ ಸದ್ದನ್ನು ಉಬ್ಬಿಸುವ ಬೇರೊಂದು ಪೆಟ್ಟಿಗೆ, ಸೀಟಿನ ಕೆಳಗೆ ಸೇರಬೇಕು. ಕಿವಿಯ ಸ್ವಭಾವವೋ ಇನ್ನೂ ವಿಚಿತ್ರ: ಸದ್ದು ಎರಡು ಪಟ್ಟಾಯಿತೆಂದು ಅದಕ್ಕೆ ಅನ್ನಿಸಬೇಕಾದರೆ ಶಕ್ತಿ ಸ್ಥೂಲವಾಗಿ ಹತ್ತು ಪಟ್ಟಾಗಬೇಕು. ಸಂಬಳದ ವಿಷಯದಲ್ಲೂ ಮನುಷ್ಯನ ಮನಸ್ಸು ಹೀಗೇ ಎಂಬುದನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದ ‘ಆಕಾಶವಾಣಿ’ಯನ್ನು ಆರಂಭಿಸಿದಾಗ ಅದರ ಪ್ರೇಷಕದ ಶಕ್ತಿ 30 ವಾಟ್; ಅಷ್ಟರಲ್ಲಿ ಅವರು ಒಂದು ಊರಿಗೆ ಹಾಡು ಕೇಳಿಸಿದರು. ನಾದೋಪಾಸಕನಿಗೆ ತನ್ನೊಬ್ಬನಿಗೆ ಕೇಳಿಸಲು 500 ವಾಟ್ ಬೇಕಾಗುತ್ತದೆ.

ಹೊಸ ಸ್ಪೀಕರುಗಳು ಕೂತ ಮೇಲೆ ಬಾಗಿಲುಗಳು ಮಾತಾಡಲು ಆರಂಭಿಸುತ್ತವೆ. ಇಪ್ಪತ್ತು ವರ್ಷ ಹಳ್ಳ ದಿಣ್ಣೆಗಳಲ್ಲಿ ಕುಣಿದ ಗಾಡಿಯ ಬಾಗಿಲಿನೊಳಗೆ ಸಡಿಲವಾದ ಕ್ಲಿಪ್ಪು, ತುಕ್ಕು ಹಿಡಿದ ಸರಳು, ಎಂದೋ ಕಿಟಕಿಯ ಸಂದಿಯಿಂದ ಜಾರಿದ ಪಾರ್ಕಿಂಗ್ ಚೀಟಿ ಇವೆಲ್ಲ ಸುಪ್ತವಾಗಿದ್ದು, ಮೃದಂಗದ ಎಡಗಡೆಯ ಪೆಟ್ಟು ಬಿದ್ದೊಡನೆ ಒಂದೊಂದೂ ಸ್ವರವೆತ್ತುತ್ತವೆ. ಕಬ್ಬಿಣವೆಂದು ಯಾವುದನ್ನು ಮನೆಯಲ್ಲಿ ಕೊಂಡಾಡಲಾಗಿತ್ತೋ ಅದೇ ಈಗ ತಗಡಿನಂತೆ ನಡುಗುತ್ತದೆ. ಇದಕ್ಕೆ ಮದ್ದು ಡ್ಯಾಂಪಿಂಗ್ ಶೀಟ್, ಅಂದರೆ ಅಲ್ಯೂಮಿನಿಯಂ ಹಾಳೆಯ ಬೆನ್ನಿಗೆ ಬ್ಯೂಟೈಲ್ ರಬ್ಬರ್ ಬಳಿದ, ಅದುರುವ ತಗಡಿಗೆ ಅಂಟಿಸಿ ಅದರ ಅದುರನ್ನು ನುಂಗಿಸುವ ಪಟ್ಟಿ. ನಾಲ್ಕು ಬಾಗಿಲಿಗೆ ಅಂಟಿಸಿದಾಗ ಡಿಕ್ಕಿಯ ಬಾಗಿಲು ಕೇಳಿಸುತ್ತದೆ, ಅದಕ್ಕೂ ಅಂಟಿಸಿದಾಗ ಛಾವಣಿ. ಒಂದು ಸದ್ದನ್ನು ಅಡಗಿಸಿದರೆ ಅದರ ಹಿಂದೆ ಕಾದು ನಿಂತ ಸದ್ದಿಗೆ ಸರದಿ ಬರುತ್ತದೆಯೆಂಬುದು ಇಲ್ಲಿನ ನಿಯಮವಾದ್ದರಿಂದ, ಮೊದಲು ಯಾರ ಕಿವಿಗೂ ಬೀಳದಿದ್ದ ಗಾಡಿಯ ನೂರು ರೋಗಗಳು ನಾದೋಪಾಸಕನಿಗೆ ಒಂದೊಂದಾಗಿ ಪರಿಚಯವಾಗುತ್ತವೆ. ಮೆಕ್ಯಾನಿಕ್ ಹತ್ತು ವರ್ಷ ಬಾಯಲ್ಲಿ ಹೇಳಿ ಸೋತದ್ದನ್ನು ಸ್ಪೀಕರು ಹತ್ತು ನಿಮಿಷದಲ್ಲಿ ರುಜುವಾತು ಮಾಡುತ್ತದೆ; ಆದರೂ ಅವನು ರಿಪೇರಿ ಮಾಡಿಸುವುದಿಲ್ಲ, ಇನ್ನೊಂದು ಶೀಟು ತರುತ್ತಾನೆ.

ಇನ್ನು ಸಬ್‌ವೂಫರ್. ಅತ್ಯಂತ ಕೆಳಗಿನ, ಕಿವಿಗಿಂತ ಎದೆಗೇ ಹೆಚ್ಚು ತಾಗುವ ಸ್ವರಗಳಿಗೆಂದೇ ಮೀಸಲಾದ ಈ ದೊಡ್ಡ ಸ್ಪೀಕರನ್ನು ಪೆಟ್ಟಿಗೆಯೊಂದರಲ್ಲಿ ಕೂರಿಸಿ ಡಿಕ್ಕಿಯಲ್ಲಿಡುತ್ತಾರೆ. ಅದು ಬಂದ ಮೇಲೆ ಊರಿಗೆ ಹೋಗುವಾಗ ಅಕ್ಕಿ ಮೂಟೆ ಹಿಂದಿನ ಸೀಟಿನಲ್ಲಿ, ಅತ್ತೆಯವರ ಪಕ್ಕದಲ್ಲಿ, ಸೀಟ್ ಬೆಲ್ಟ್ ಹಾಕಿಕೊಂಡು ಪ್ರಯಾಣ ಮಾಡಬೇಕಾಗುತ್ತದೆ. ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನ್ ನಿಂತಲ್ಲೇ ನಿಮಿಷಕ್ಕೆ 750 ಸುತ್ತಿನಂತೆ ಓಡುವಾಗ, ಪ್ರತಿ ಸುತ್ತಿಗೆ ಎರಡು ಬಾರಿ ಇಂಧನ ಉರಿಯುವುದರಿಂದ, ಸೆಕೆಂಡಿಗೆ 25 ಬಾರಿ, ಎಂದರೆ 25 ಹರ್ಟ್ಜ್ ಆವರ್ತನದಲ್ಲಿ ಗುಡುಗುತ್ತದೆ. ಸಬ್‌ವೂಫರ್ ಹುಡುಕಿಕೊಂಡು ಹೋಗುವ ಮಂದ್ರವೂ ಇದರ ಆಸುಪಾಸಿನದೇ. ಕಾರ್ಖಾನೆಯವರು ಪುಕ್ಕಟೆಯಾಗಿ ಕೊಟ್ಟಿದ್ದುದನ್ನೇ ನಾದೋಪಾಸಕ ಹದಿನೈದು ಸಾವಿರ ಕೊಟ್ಟು ಇನ್ನೊಮ್ಮೆ ಕೊಂಡಿದ್ದಾನೆ.

ಎಂಜಿನ್ ಇದನ್ನು ಸುಮ್ಮನೆ ಸಹಿಸುವುದಿಲ್ಲ. ಸ್ಪೀಕರುಗಳೊಳಗೆ ಸಣ್ಣಗೆ ‘ಕುಂಯ್’ ಎಂದು ನುಸುಳಿ, ಆಕ್ಸಿಲರೇಟರ್ ಒತ್ತಿದಂತೆಲ್ಲ ಶ್ರುತಿ ಏರಿಸುವ ಒಂದು ಸದ್ದು ಆಲ್ಟರ್ನೇಟರಿನದು, ಅಂದರೆ ಬ್ಯಾಟರಿಗೆ ಚಾರ್ಜು ತುಂಬುವ ಯಂತ್ರದ್ದು. ಅರ್ತಿಂಗ್ ತಂತಿಯನ್ನು ಬಣ್ಣ ಕೆರೆಯದ ಲೋಹಕ್ಕೆ ಬಿಗಿದಾಗ, ಇಲ್ಲವೇ ಹಾಡಿನ ತಂತಿಯನ್ನೂ ವಿದ್ಯುತ್ತಿನ ತಂತಿಯನ್ನೂ ಒಂದೇ ಮಗ್ಗುಲಲ್ಲಿ ಎಳೆದಾಗ ಅದು ಬರುತ್ತದೆ. ಒಂದನ್ನು ಎಡಗಡೆಯಿಂದ, ಇನ್ನೊಂದನ್ನು ಬಲಗಡೆಯಿಂದ ಎಳೆಯಬೇಕೆಂಬ ಮಡಿಯ ನಿಯಮ ಪಾಲಿಸಲು ಇನ್ನೊಂದು ಶನಿವಾರ ಹೋಗುತ್ತದೆ. ಆಮೇಲೆ ರಾತ್ರಿಯ ಹೊತ್ತು ತಮಟೆ ಬಡಿದಾಗಲೆಲ್ಲ ಹೆಡ್‌ಲೈಟು ಮಂಕಾಗಿ ಬೆಳಗಿ ತಾಳ ಹಾಕುವುದು ಕಂಡುಬಂದು, ಎದುರಿನ ಲಾರಿಯವರು ಇದೇನೋ ಸನ್ನೆಯೆಂದು ತಿಳಿದು ದಾರಿ ಬಿಡುತ್ತಾರೆ. ಅದಕ್ಕೆ ಅಂಗಡಿಯಲ್ಲಿ ಕೊಡುವ ಔಷಧ 1 ಫ್ಯಾರಡ್ ಕೆಪಾಸಿಟರ್; ವಿದ್ಯುತ್ತನ್ನು ಕ್ಷಣಕಾಲ ಕೂಡಿಟ್ಟು ಥಟ್ಟನೆ ಕೊಡುವ ಈ ಹೊಳೆಯುವ ಕೊಳವೆಯಲ್ಲಿ 14 ವೋಲ್ಟಿಗೆ ನಿಲ್ಲುವುದು 98 ಜೌಲ್, ಅಂದರೆ 500 ವಾಟಿನ ಹಸಿವಿಗೆ ಹೆಚ್ಚೆಂದರೆ ಸೆಕೆಂಡಿನ ಐದನೆಯ ಒಂದು ಭಾಗದ ಊಟ. ಆದರೆ ಅದರ ನೆತ್ತಿಯ ಮೇಲೆ ನೀಲಿ ಅಂಕಿಗಳು ಬೆಳಗುವುದರಿಂದ ಅದರ ಉಪಯೋಗವನ್ನು ಯಾರೂ ಪ್ರಶ್ನಿಸುವುದಿಲ್ಲ.

ಇಷ್ಟಾದ ಮೇಲೆ ಅವನು ಕೇಳುವುದೇನು? ಕೇಳುವುದು ಒಂದೇ ಹಾಡನ್ನು, ಅದರಲ್ಲೂ ಮೊದಲ ನಲವತ್ತು ಸೆಕೆಂಡುಗಳನ್ನು. ಪಲ್ಲವಿ ಶುರುವಾಗುವಷ್ಟರಲ್ಲಿ ಅವನ ಬೆರಳು ಹಿಂದಕ್ಕೆ ಒತ್ತಿರುತ್ತದೆ. ಗಾಯಕರು ಯಾರು, ಸಾಹಿತ್ಯ ಯಾರದು ಎಂಬುದಕ್ಕಿಂತ ಗೆಜ್ಜೆಯ ಸದ್ದು ಕನ್ನಡಿಯ ಹತ್ತಿರದಿಂದ ಬಂತೋ ಬಾಗಿಲಿನಿಂದ ಬಂತೋ ಎಂಬುದು ಅವನಿಗೆ ಮುಖ್ಯ. "ಆ ಮೇಲಿನ ಸ್ವರ ಕೇಳಿಸ್ತಾ?" ಎಂದು ಹತ್ತಿ ಕೂತವರನ್ನೆಲ್ಲ ಅವನು ಪರೀಕ್ಷಿಸುತ್ತಾನೆ. ಟ್ವೀಟರ್ ಎಂಬ ನಾಣ್ಯದಗಲದ ಸ್ಪೀಕರು 20,000 ಹರ್ಟ್ಜ್‌ವರೆಗೆ ನುಡಿಯುವುದು ನಿಜವೇ. ಐವತ್ತು ದಾಟಿದ ಕಿವಿಗೆ ಅದರ ಮೇಲಿನ ಭಾಗ ಬಹುಮಟ್ಟಿಗೆ ಮುಚ್ಚಿದ ಬಾಗಿಲು ಎಂಬುದೂ ಅಷ್ಟೇ ನಿಜ. ಕೇಳಿಸಿತೆಂದು ಹೇಳುವುದು ಮಗಳು ಮಾತ್ರ, ಅದೂ ಕಿವಿಯಿಂದ ಇಯರ್‌ಫೋನ್ ತೆಗೆದು, ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿಸಿಕೊಂಡ ಮೇಲೆ.

ಹೆಂಡತಿಯ ಮತ ಈ ನಡುವೆ ಸುಮ್ಮನೆ ಕೂತಿರುವುದಿಲ್ಲ. "ರೀ, ಎಸಿಗೆ ಗ್ಯಾಸ್ ತುಂಬಿಸಿ ಅಂದ್ರೆ ಹಾಡಿಗೆ ಗಾಳಿ ತುಂಬಿಸ್ತಿದ್ದೀರಲ್ಲ" ಎಂಬ ಆಕ್ಷೇಪಕ್ಕೆ ಉತ್ತರವಿಲ್ಲದ್ದರಿಂದ ಕಿಟಕಿಗಳು ಇಳಿಯುತ್ತವೆ. ಕಿಟಕಿ ಇಳಿದೊಡನೆ ಆಟೋಗಳ ಹಾರನ್ನು, ಬಸ್ಸಿನ ಬ್ರೇಕು, ಮೆಟ್ರೋ ಕಾಮಗಾರಿಯ ಡ್ರಿಲ್ಲು ಎಲ್ಲವೂ ಒಳಗೆ ಬಂದು, ಶೀಟು ಅಂಟಿಸಿ ಸಾಕಿದ ಮೌನ ಮೊದಲ ಸಿಗ್ನಲ್ಲಿನಲ್ಲೇ ತೀರಿಕೊಳ್ಳುತ್ತದೆ. ಗಾಡಿ ಓಡುವಾಗ ಎಂಜಿನ್ ಕೇಳಿಸುತ್ತದೆ, ನಿಂತಾಗ ಊರು ಕೇಳಿಸುತ್ತದೆ. ಹೀಗಾಗಿ ನಾದೋಪಾಸಕನಿಗೆ ಉಳಿಯುವುದು ಒಂದೇ ಮುಹೂರ್ತ: ರಾತ್ರಿ ಊಟವಾದ ಮೇಲೆ, ಮನೆಯ ಮುಂದಿನ ಹೊಂಗೆಮರದ ಕೆಳಗೆ, ಎಂಜಿನ್ ಆರಿಸಿ, ಗಾಜುಗಳನ್ನೆಲ್ಲ ಏರಿಸಿ, ವಾಸದ ಪ್ರದೇಶದಲ್ಲಿ ರಾತ್ರಿ ಹತ್ತರ ಮೇಲೆ 45 ಡೆಸಿಬೆಲ್ ಎಂಬ ಕಾನೂನಿನ ಮಿತಿಗೆ ಹೆದರಿ ವಾಲ್ಯೂಮನ್ನು 6ಕ್ಕೆ ಇಳಿಸಿ, ಕತ್ತಲಲ್ಲಿ ಒಬ್ಬನೇ ಬೆವರುತ್ತ ಕೂರುವುದು. ಆ 6ರ ಸದ್ದಿಗೆ ಕಂಪನಿ ಸೆಟ್ಟೇ ಸಾಕಿತ್ತೆಂಬುದು ಬೇರೆ ಮಾತು. ವಾಕಿಂಗಿಗೆ ಬಂದ ಪಕ್ಕದ ಬೀದಿಯವರು ಗಂಡ ಹೆಂಡಿರ ನಡುವೆ ಏನೋ ಆಗಿದೆಯೆಂದು ಭಾವಿಸಿ, ಮರ್ಯಾದೆಗೆ ಆಚೆ ಬದಿಯಿಂದ ನಡೆದುಹೋಗುತ್ತಾರೆ.

ಬೆಳಗ್ಗೆ ಕೀಲಿ ತಿರುಗಿಸಿದರೆ ಪರದೆ ಝಗ್ಗನೆ ಬೆಳಗಿ ಸ್ವಾಗತ ಕೋರುತ್ತದೆ, ಎಂಜಿನ್ ಮಾತ್ರ ‘ಟಕ್’ ಎಂದು ಒಮ್ಮೆ ಹೇಳಿ ಸುಮ್ಮನಾಗುತ್ತದೆ. ಸೆಟ್ಟಿಗೆ ಒಂದೆರಡು ಆಂಪಿಯರ್ ಸಾಕು, ಡೀಸೆಲ್ ಎಂಜಿನ್ನನ್ನು ಎಬ್ಬಿಸಲು ನೂರಾರು ಬೇಕು, ಅಷ್ಟನ್ನೂ ರಾತ್ರಿಯ ನಾದೋಪಾಸನೆ ಕುಡಿದು ಮುಗಿಸಿರುತ್ತದೆ. ಒಂದೂವರೆ ಟನ್ನಿಗೂ ಮೀರಿದ ಗಾಡಿಯನ್ನು ತಳ್ಳಲು ಪೇಪರ್ ಹಾಕುವ ಹುಡುಗ, ಹಾಲಿನವನು, ಎದುರುಮನೆಯ ಹೊಸ ಕಾರಿನವರು ಹೆಗಲು ಕೊಡುತ್ತಾರೆ. ನಾದೋಪಾಸಕ ಎರಡನೆಯ ಗೇರಿನಲ್ಲಿಟ್ಟು, ಕ್ಲಚ್ ಒತ್ತಿಕೊಂಡು, ತಲೆ ಹೊರಗೆ ಚಾಚಿ "ಇನ್ನೊಂದ್ ಸ್ವಲ್ಪ ಜೋರಾಗಿ" ಎನ್ನುತ್ತಿರುವಾಗ, ಹಿಂದಿನಿಂದ ಏದುಸಿರು ಬಿಡುತ್ತ ಎದುರುಮನೆಯವರು, "ಸಾರ್, ತಳ್ಳೋದು ತಳ್ತೀವಿ, ಒಂದು ಹಾಡಾದ್ರೂ ಹಾಕಿ" ಎನ್ನುತ್ತಾರೆ. ಅವನು ಹಾಕುತ್ತಾನೆ. ಬೀದಿಯ ತಿರುವಿನವರೆಗೂ ಎಂಜಿನ್ ಏಳುವುದಿಲ್ಲವಾದ್ದರಿಂದ, ಅಂದು ಆ ಹಾಡಿನ ಪಲ್ಲವಿ ಮೊಟ್ಟಮೊದಲ ಬಾರಿಗೆ ಪೂರ್ತಿ ಕೇಳಿಸುತ್ತದೆ.