ಬದಲಿ ಹೆಣ್ಣು, ಮತ್ತೆ ಆ ತಂಗಿ

ರಾತ್ರಿ ನಿಮ್ಮನೇಲಿ ದೀಪ ಉರೀತಾನೇ ಇತ್ತಲ್ಲ, ಆ ಜಪಾನಿ ಮದುವೆ ಕತೆ ಮುಗಿಸೇಬಿಟ್ರಿ ಅಂದ್ಕೊಂಡೆ. ಅದೇ ರೀ, ಅಕುಮಿ ಅಗಿತೊಗಿ ಬರೆದ ಕಾದಂಬರಿ. 2023ರಲ್ಲಿ ಸಿನಿಮಾನೂ ಬಂತು, ಅನಿಮೆ ಸರಣೀನೂ ಬಂತು. ಹೆತ್ತಮ್ಮ ಇಲ್ಲದ ಮಿಯೋಗೆ ತವರಲ್ಲೇ ಆಳಿನ ಚಾಕರಿ. ಒಳ್ಳೆ ಹುಡುಗನ್ನ ಮಲತಂಗಿಗೆ ಗೊತ್ತುಮಾಡಿ, ಯಾವ ಹೆಣ್ಣೂ ಮೂರು ದಿನ ನಿಲ್ಲದ ಮನೆಗೆ ಇವಳನ್ನ ಸಾಗಹಾಕ್ತಾರೆ. ಆ ಮನೆಯ ಗಂಡು ಕಿಯೋಕಾ ಅವಳ ಅಡುಗೆ ಉಂಡು ಚೆನ್ನಾಗಿದೆ ಅಂತಾನೆ ನೋಡಿ, ಅಷ್ಟಕ್ಕೇ ಅವಳ ಕಣ್ಣಲ್ಲಿ ನೀರು. ನಂಗೂ ಗಂಟಲು ಕಟ್ಟಿತು ರೀ. ದಿನಾ ಮಾಡಿ ಬಡಿಸೋರಿಗೇ ಗೊತ್ತು ಆ ಒಂದು ಮಾತಿನ ಬೆಲೆ.

ಇಂಥ ಕತೆಗೆಲ್ಲ ಜಪಾನಿನ ತೈಶೋ ಕಾಲವೇ ಯಾಕೆ ಬೇಕು ಅಂತ ಮೊನ್ನೆ ಕೇಳಿದ್ರಲ್ಲ. ಈ ಕತೇಲಿ ಮಂತ್ರಶಕ್ತಿ ಎಲ್ಲ ಇದೆ ಬಿಡಿ, ಆದ್ರೆ ಮನೆಯ ಕಟ್ಟುಪಾಡು ನಿಜದ್ದೇ. ತೈಶೋ ಅಂದ್ರೆ 1912ರಿಂದ 1926. ಬೀದೀಲಿ ಟ್ರಾಮು, ಕೆಫೆ, ಬೂಟು ಹಾಕ್ಕೊಂಡು ಶಾಲೆಗೆ ಹೋಗೋ ಹುಡುಗಿಯರು. ಹೊಸಿಲು ದಾಟಿ ಒಳಗೆ ಬಂದ್ರೆ 1898ರ ಕಾನೂನು! ಮನೆ ಯಜಮಾನ ಒಪ್ಪದೆ ಮದುವೆ ಇಲ್ಲ. ಹೆಣ್ಣಿಗೆ 25, ಗಂಡಿಗೆ 30 ತುಂಬೋವರೆಗೆ ಅಪ್ಪ-ಅಮ್ಮನ ಒಪ್ಪಿಗೇನೂ ಬೇಕು. ಸಂಬಂಧ ಕೂಡೋದು ಮನೆಮನೆಗೆ. ಹಾಗಿದ್ಮೇಲೆ ಇವಳ ಬದಲು ಅವಳು ಅಂದ್ರೆ ಯಾರಿಗೇನು ನಷ್ಟ? ಅಕ್ಕ ತೀರಿಕೊಂಡ್ರೆ ತಂಗೀನ ಅದೇ ಭಾವನಿಗೆ ಕೊಡೋದು ಅಲ್ಲೂ ಇತ್ತು, ನಮ್ಮಲ್ಲೂ ಇತ್ತಲ್ಲ.

ಆದ್ರೆ ನನ್ನ ಮನಸ್ಸು ಆ ತಂಗಿ ಹತ್ರ ನಿಂತುಬಿಡ್ತು ರೀ. ಕಾಯಾ ಕೆಟ್ಟವಳೇ, ಇಲ್ಲ ಅನ್ನಲ್ಲ. ಆದ್ರೂ ಅವಳಿಗೆ ಸಿಕ್ಕ ಆ ಒಳ್ಳೆ ಹುಡುಗ ಇದ್ದಾನಲ್ಲ, ಅವನ ಮನಸ್ಸು ಇದ್ದದ್ದು ಮಿಯೋ ಮೇಲೆ. ಅವನನ್ನೂ ಯಾರೂ ಕೇಳ್ಲಿಲ್ಲ. ಒಳ್ಳೆ ಸಂಬಂಧ ಸಿಕ್ಕವಳು ಗೆದ್ದಳು ಅಂತ ಹೇಗೆ ಹೇಳೋದು?

ಅಂಥ ಸಂಬಂಧ ಸಿಕ್ಕವಳು ನಿಜವಾಗಿಯೂ ಒಬ್ಬಳಿದ್ದಳು, ಬ್ಯಾಕುರೆನ್ ಅಂತ ಜಪಾನಿ ಕವಯಿತ್ರಿ. ತೈಶೋ ಚಕ್ರವರ್ತಿಗೆ ಸೋದರಸಂಬಂಧಿ. ಹದಿಹರೆಯದಲ್ಲೇ ಆದ ಮೊದಲ ಮದುವೆ ಮುರಿದುಬಿತ್ತು. 1911ರಲ್ಲಿ ತನಗಿಂತ 25 ವರ್ಷ ದೊಡ್ಡವನಾದ ಕಲ್ಲಿದ್ದಲು ಗಣಿ ಒಡೆಯನಿಗೆ ಕೊಟ್ರು. ಊರ ಕಣ್ಣಿಗೆ ಭಾರೀ ಸಂಬಂಧ. ಹತ್ತು ವರ್ಷ ಸಹಿಸಿ, 1921ರಲ್ಲಿ ತಾನು ಮೆಚ್ಚಿದವನ ಜೊತೆ ಹೊರಟೇಹೋದಳು. ಗಂಡನನ್ನ ಬಿಡ್ತೀನಿ ಅಂತ ಅವಳ ಹೆಸರಿನ ಕಾಗದ ಒಸಾಕಾದ ಪತ್ರಿಕೇಲಿ ಅಚ್ಚಾಯ್ತು, ದೇಶವೆಲ್ಲ ಓದ್ತು! ಮಿಯೋಗೆ ಒಳ್ಳೆ ಗಂಡ ಸಿಕ್ಕಿದ್ದು ಅದೃಷ್ಟ. ಇವಳು ಮಾತ್ರ ತಾನೇ ಬಾಗಿಲು ತೆಗೆದಳು.

2014ರಲ್ಲಿ ಜಪಾನಿನ ಟಿ.ವಿ. ಸಂಸ್ಥೆ ಎನ್‌ಎಚ್‌ಕೆಯವರ 'ಹನಾಕೋ ತೊ ಆನ್' ಧಾರಾವಾಹೀಲಿ ಅವಳನ್ನೇ ಮಾದರಿಯಾಗಿಟ್ಟ ಪಾತ್ರ ಇದೆ. ನಿಮ್ಮ ಮಗಳಿಗೆ ಹುಡುಕೋಕೆ ಹೇಳ್ತೀರಾ? ಸಿಕ್ರೆ ಇಬ್ರೂ ಕೂತು ನೋಡೋಣ.