ಪಿಕಪ್ಪಿನ ನೆತ್ತಿಗಣ್ಣು

ನಮ್ಮ ಮೂಡಿಗೆರೆ ಕಡೆ ಪಿಕಪ್ಪು ಕೊಂಡವನು ಮೊದಲು ಮುಂದಿನ ಗಾಜಿನ ನೆತ್ತಿಯ ಮೇಲೆ ಒಂದು ಹೆಸರು ಬರೆಸುತ್ತಾನೆ. ದೇವರದೋ, ಮಗಳದೋ, ಮನೆಯಲ್ಲಿ ಒಮ್ಮತ ಬರದಿದ್ದರೆ ‘ತಾಯಿಯ ಆಶೀರ್ವಾದ’ವೋ. ಆಮೇಲೆ ಬಂಪರಿಗೆ ನಿಂಬೆಹಣ್ಣು ಮೆಣಸಿನಕಾಯಿ, ಹಿಂದಿನ ಚಕ್ರದ ಬಳಿ ಕಪ್ಪು ಜಡೆ. ಇಷ್ಟಾದರೆ ಗಾಡಿಯ ಅಲಂಕಾರ ಮುಗಿಯಿತು ಎಂದು ನನ್ನ ವಯಸ್ಸಿನವರು ನಂಬಿಕೊಂಡಿದ್ದೆವು. ಈಗಿನ ಹುಡುಗರ ಪ್ರಕಾರ ಅಲಂಕಾರ ಶುರುವಾಗುವುದೇ ಅಲ್ಲಿಂದ ಮೇಲೆ, ಚಾವಣಿಯಲ್ಲಿ. ಅಲ್ಲಿ ಅಡ್ಡಕ್ಕೆ ಒಂದು ಉದ್ದನೆಯ ಎಲ್‌ಇಡಿ ಬಾರ್ ಇರಬೇಕು. ಅದನ್ನು ಹಚ್ಚಿದರೆ ಎದುರಿನ ಗುಡ್ಡದಲ್ಲಿ ಮಲಗಿದ ಕಾಡುಕುರಿ ಬೆಳಗಾಯಿತೆಂದು ಎದ್ದು ಕೂರಬೇಕು.

ಈ ಸಿದ್ಧಾಂತ ನಮ್ಮ ಮನೆಗೆ ಬಂದದ್ದು ತಂಗಿಯ ಮಗನ ಮೂಲಕ. ಬೆಂಗಳೂರಿನ ಕಂಪ್ಯೂಟರ್ ಕೆಲಸವನ್ನು ನಮ್ಮ ಜಗಲಿಯಲ್ಲಿ ಕೂತು ಮಾಡುತ್ತಾನೆ; ನೆಟ್‌ವರ್ಕ್ ಹೋದಾಗ ನಮ್ಮ ಬೊಲೆರೊ ಪಿಕಪ್ಪಿನ ಉದ್ಧಾರದ ಬಗ್ಗೆ ಯೋಚಿಸುತ್ತಾನೆ. ನಮ್ಮಲ್ಲಿ ನೆಟ್‌ವರ್ಕ್ ಮೇಲಿಂದ ಮೇಲೆ ಹೋಗುತ್ತದೆ.

“ಮಾವ, ರೂಫ್ ಲೈಟ್ ಹಾಕಿಸಣ.”

“ಇರೋ ಎರಡು ದೀಪಕ್ಕೆ ಏನಾಗಿದೆ?”

“ಆನೆ ಬಂದ್ರೆ ದೂರದಿಂದ್ಲೇ ಕಾಣಬೇಡ್ವಾ?”

ಇಲ್ಲಿ ನಾನು ಸೋತೆ. ಮೂಡಿಗೆರೆ, ಸಕಲೇಶಪುರ, ಆಲೂರು ಸೀಮೆಯಲ್ಲಿ ಆನೆಯ ಹೆಸರು ಹೇಳಿದರೆ ಮಂಜೂರಾಗದ ಖರ್ಚೇ ಇಲ್ಲ. ಸೋಲಾರ್ ಬೇಲಿ, ಕಂದಕ, ಮೈಲಿ ದೂರ ಹೋಗುವ ಟಾರ್ಚು, ಎಲ್ಲ ಆ ತಲೆಬರಹದ ಅಡಿಯಲ್ಲೇ ಬಂದವು. ನನ್ನ ಹೆಂಡತಿ ಒಬ್ಬಳೇ ಪ್ರತಿರೋಧ ತೋರಿದ್ದು. “ಅಂಗಳದ ಬಲ್ಬು ಹೋಗಿ ಎಷ್ಟು ದಿನ ಆಯ್ತು? ಅದನ್ನ ಹಾಕಿಸೋಕೆ ಯಾರಿಗೂ ಪುರುಸೊತ್ತಿಲ್ಲ. ಗಾಡಿ ತಲೆ ಮೇಲೆ ದೀಪ ಬೇಕಂತೆ, ದೀಪ.” ಆನೆಯ ಮುಂದೆ ಬಲ್ಬಿನ ಮಾತು ನಡೆಯಲಿಲ್ಲ.

ಹುಡುಗ ಮೊದಲು ತೋರಿಸಿದ್ದು ಅಮೆರಿಕದ ವಿಡಿಯೋಗಳನ್ನು. ಅಲ್ಲಿನ ದೊಡ್ಡ ಪಿಕಪ್ಪುಗಳ ಚಾವಣಿಯ ಅಂಚಿನಲ್ಲಿ ಸಾಲಾಗಿ ಐದು ಕಿತ್ತಳೆ ಬಣ್ಣದ ಪುಟ್ಟ ದೀಪಗಳು. ನೋಡಲು ಚೆಂದವೇ. ಆದರೆ ಅವು ದಾರಿ ನೋಡಲಿಕ್ಕೆ ಇಟ್ಟವಲ್ಲ, ‘ನಾನು ಅಗಲವಾಗಿದ್ದೇನೆ, ಸರಿಯಿರಿ’ ಎಂದು ಎದುರಿನವರಿಗೆ ಹೇಳಲಿಕ್ಕೆ ಇಟ್ಟವು. ಒಟ್ಟು ಅಗಲ 80 ಇಂಚು ಮುಟ್ಟಿದ ಲಾರಿ, ಟ್ರಕ್ಕುಗಳಿಗೆ ಅಲ್ಲಿನ ಕಾನೂನು ಕಡ್ಡಾಯ ಮಾಡಿರುವ ದೀಪಗಳವು. ನಮ್ಮ ಬೊಲೆರೊಗೆ ಅಷ್ಟು ಅಗಲವೂ ಇಲ್ಲ, ಅದು ಓಡಾಡುವ ತೋಟದ ರಸ್ತೆಗೆ ಅಷ್ಟು ಅಗಲ ಮೊದಲೇ ಇಲ್ಲ. ಹಾಗಾಗಿ ಐದು ದೀಪದ ಯೋಜನೆ ಬಿದ್ದುಹೋಗಿ, ಆನ್‌ಲೈನಿನಲ್ಲಿ ಒಂದು ಬಾರ್ ಬಂತು. ಪೆಟ್ಟಿಗೆಯ ಮೇಲೆ ಮರುಭೂಮಿ, ಮಧ್ಯೆ ಒಂದು ಹಾರುತ್ತಿರುವ ಜೀಪು, ಕೆಳಗೆ ದಪ್ಪಕ್ಷರದಲ್ಲಿ ‘300 ವ್ಯಾಟ್’.

ಅದನ್ನು ಪೇಟೆಯಲ್ಲಿ ವೈರಿಂಗ್ ಮಾಡುವ ಕಾಕನ ಅಂಗಡಿಗೆ ಒಯ್ದೆವು. ಕಾಕ ನಮ್ಮ ಸೀಮೆಯ ಅರ್ಧ ಜೀಪುಗಳ ನರನಾಡಿ ಬಲ್ಲವರು. ಪೆಟ್ಟಿಗೆಯನ್ನು ತಿರುಗಿಸಿ ಮುರುಗಿಸಿ ಓದಿದರು, ನಕ್ಕರು, ಬಾರನ್ನು ಬ್ಯಾಟರಿಗೆ ಹಿಡಿದು ವೈರಿಗೆ ಕ್ಲ್ಯಾಂಪ್ ಮೀಟರ್ ಕಚ್ಚಿಸಿದರು.

“ಗೌಡ್ರೇ, 300 ವ್ಯಾಟ್ ಆಗಿದ್ರೆ 12 ವೋಲ್ಟಿಗೆ 25 ಆಂಪಿಯರ್ ಎಳೀಬೇಕು. ಇದು ಎಳೀತಿರೋದು ಆರು. ಅಂದ್ರೆ ಎಪ್ಪತ್ತು ವ್ಯಾಟ್ ಚಿಲ್ಲರೆ.”

“ಹಾಗಾದ್ರೆ ಉಳಿದದ್ದು?”

“ಉಳಿದದ್ದು ಪೆಟ್ಟಿಗೆ ಮೇಲಿದೆಯಲ್ಲ.”

ಹುಡುಗನ ಮುಖ ಸಣ್ಣದಾಯಿತು. ನನಗೆ ಮಾತ್ರ ಒಳಗೊಳಗೇ ಸಮಾಧಾನ. ಬ್ಯಾಟರಿಗಾದರೂ ಉಸಿರಾಡಲು ಜಾಗ ಉಳಿಯಿತು.

ಮುಂದೆ ರಿಲೇಯ ಪಾಠ. ಹುಡುಗನ ಲೆಕ್ಕ ಸರಳ: ಬ್ಯಾಟರಿಯಿಂದ ಒಂದು ವೈರು, ಡ್ಯಾಶ್‌ಬೋರ್ಡಿನಲ್ಲಿ ಒಂದು ಸ್ವಿಚ್ಚು, ಅಲ್ಲಿಂದ ದೀಪ. ಕಾಕ ಒಪ್ಪಲಿಲ್ಲ. ಇಂದು ಆರು ಆಂಪಿಯರ್ ಎಳೆಯುವಲ್ಲಿ ನಾಳೆ ಇದಕ್ಕಿಂತ ದೊಡ್ಡದನ್ನು ತಂದು ಕೂರಿಸುತ್ತೀರಿ, ಆಗ ಆ ಪುಟಾಣಿ ಸ್ವಿಚ್ಚು ಕರಗಿ ಬೆರಳಿಗೆ ಅಂಟಿಕೊಳ್ಳುತ್ತದೆ ಎಂದರು. ಜೇಬಿನಿಂದ ಬೆಂಕಿಪೊಟ್ಟಣಕ್ಕಿಂತ ಸಣ್ಣ ಒಂದು ಕಪ್ಪು ಡಬ್ಬಿ ತೆಗೆದರು. ಅದರ ಕಾಲುಗಳಿಗೆ 30, 85, 86, 87 ಎಂದು ನಂಬರು. ಬ್ಯಾಟರಿಯ ಕರೆಂಟು 30ಕ್ಕೆ ಬರುತ್ತದೆ, 87ರಿಂದ ದೀಪಕ್ಕೆ ಹೋಗುತ್ತದೆ. 85, 86 ಒಳಗಿನ ಸುರುಳಿಯವು. ಸ್ವಿಚ್ಚು ಮಾತಾಡುವುದು ಆ ಎರಡರ ಜೊತೆ ಮಾತ್ರ. ನನಗೆ ತಟ್ಟನೆ ತೋಟದ ರೈಟರು ನೆನಪಾದರು. ಮಾಲೀಕ ಜಗಲಿಯ ಮೇಲೆ ಕೂತು ಕಾಫಿ ಕುಡಿಯುತ್ತ ಸಣ್ಣ ದನಿಯಲ್ಲಿ ಒಂದು ಮಾತು ಹೇಳುತ್ತಾನೆ. ರೈಟರು ಹೊರಗೆ ಹೋಗಿ ಐವತ್ತು ಆಳುಗಳನ್ನು ಎಬ್ಬಿಸುತ್ತಾರೆ. ಭಾರವೆಲ್ಲ ಹೊರಗಡೆಯದು, ಮಾಲೀಕನ ಕೈ ಬಿಸಿಯಾಗುವುದೇ ಇಲ್ಲ.

ಫ್ಯೂಸಿನ ವಿಷಯದಲ್ಲಿ ಕಾಕ ಇನ್ನೂ ಕಟ್ಟುನಿಟ್ಟು. “ಅದು ಬ್ಯಾಟರಿ ಪಕ್ಕದಲ್ಲೇ ಇರ್ಬೇಕು. ದೀಪದ ಹತ್ರ ಇಟ್ರೆ, ಮಧ್ಯದಲ್ಲಿ ವೈರು ತಾಗಿ ಸುಟ್ಟು ಹೋದ್ಮೇಲೆ ಅದಕ್ಕೆ ಸುದ್ದಿ ಮುಟ್ಟೋದು.” ಊರ ಮನೆಗಳ ಎಷ್ಟೋ ಜಗಳಗಳಿಗೂ ಹೀಗೇ ತಡವಾಗಿ ಫ್ಯೂಸು ಹಾಕುತ್ತಾರೆ, ಇರಲಿ.

ಇನ್ನು ಕೂರಿಸುವುದೆಲ್ಲಿ? ಮನೆಗೆ ಬಂದ ಮೇಲೆ, ಚಾವಣಿಗೆ ಡ್ರಿಲ್ ಮಾಡಿ ಬೋಲ್ಟ್ ಬಿಗಿಯಬೇಕೆಂದು ಹುಡುಗ. ಈ ಸುದ್ದಿ ಒಳಮನೆಗೆ ಹೋಗಿ, ಎಂಬತ್ತು ದಾಟಿದ ಅಮ್ಮ ಕೋಲೂರಿಕೊಂಡು ಹೊರಗೆ ಬಂದಳು. “ಮಳೆಗಾಲ ಹತ್ರ ಬಂದಾಗ ಸೂರಿಗೆ ಯಾರಾದ್ರೂ ತಾವೇ ತೂತು ಕೊರೀತಾರೇನೋ?” ಮಲೆನಾಡಿನಲ್ಲಿ ಇದಕ್ಕೆ ಎದುರುತ್ತರವಿಲ್ಲ. ನಮ್ಮಿಂದ ಅನತಿ ದೂರದ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಹೆಂಚು ಒಂದು ಇಂಚು ಸರಿದರೆ ಹಾಸಿಗೆ ಎತ್ತಿಕೊಂಡು ಮನೆಯೆಲ್ಲ ಸುತ್ತಿದ ಜನ ನಾವು. ತಗಡಿಗೆ ತೂತು ಕೊರೆದರೆ ಪೈಂಟು ಎದ್ದ ಅಂಚಿನಿಂದ ತುಕ್ಕು ಶುರು, ಆಮೇಲೆ ಡ್ರೈವರನ ತೊಡೆಯ ಮೇಲೆ ತೊಟ್ಟು ತೊಟ್ಟು. ಸಿಲಿಕೋನ್ ಮೆತ್ತಿದರೆ ಆಯಿತು ಎಂದು ಹುಡುಗ ಹೇಳಿದ. ಎರಡು ಮಳೆಗಾಲ ಕಂಡ ಸಿಲಿಕೋನನ್ನು ಅವನು ನೋಡಿಲ್ಲ. ಕೊನೆಗೆ ಕ್ಯಾಬಿನ್ನಿನ ಹಿಂದೆ, ಮೂಟೆ ಜಾರದಂತೆ ತಡೆಯುವ ಪೈಪಿನ ಚೌಕಟ್ಟು ಇದೆಯಲ್ಲ, ಅದರ ನೆತ್ತಿಗೆ ಕ್ಲ್ಯಾಂಪ್ ಹಾಕಿ ನಿಲ್ಲಿಸಿದೆವು. ಸೂರು ಉಳಿಯಿತು, ಅಮ್ಮ ಒಳಗೆ ಹೋದಳು.

ಬಾರಿನ ಬೆನ್ನ ಮೇಲೆ ‘ಐಪಿ67’ ಎಂದು ಕೊರೆದಿತ್ತು. ಆರು ಅಂದರೆ ಧೂಳು ಒಳಗೆ ಹೋಗದು. ಏಳು ಅಂದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟರೂ ತಡೆದುಕೊಳ್ಳುತ್ತದೆ. ಅರ್ಧ ಗಂಟೆ! ಜೂನ್ ಮೊದಲ ವಾರ ಹಿಡಿದ ಮಳೆ ಗಣಪತಿ ಹಬ್ಬಕ್ಕೂ ಬಿಡದ ಊರಿನಲ್ಲಿ ಈ ನಂಬರು ಬರೆದವರನ್ನು ಕರೆದು ಒಂದು ಆಷಾಢ ಕೂರಿಸಬೇಕು.

ಪರೀಕ್ಷೆಗೆ ಚಾರ್ಮಾಡಿ ಘಾಟಿಯೇ ಆಗಬೇಕು ಎಂದು ಹುಡುಗನ ಹಟ. ಕೊಟ್ಟಿಗೆಹಾರದಲ್ಲಿ ನೀರ್‌ದೋಸೆ ತಿಂದು ಇಳಿಯುವ ಹೊತ್ತಿಗೆ ಮಂಜು ರಸ್ತೆಯ ಮೇಲೆ ಕೂತಿತ್ತು. “ಈಗ ನೋಡಿ ಮಾವ” ಎಂದು ಸ್ವಿಚ್ಚು ಒತ್ತಿದ. ನೋಡಿದೆ. ರಸ್ತೆ, ತಡೆಗೋಡೆ, ಕಣಿವೆ, ಎಲ್ಲ ಒಟ್ಟಿಗೇ ಮಾಯವಾಗಿ ಗಾಜಿನ ಮುಂದೆ ಬೆಳ್ಳನೆಯ ಗೋಡೆಯೊಂದು ಎದ್ದು ನಿಂತಿತು. ಮಂಜೆಂದರೆ ಗಾಳಿಯಲ್ಲಿ ತೇಲುವ ನೀರಿನ ಕಣಗಳು. ಬಿದ್ದ ಬೆಳಕನ್ನು ಅವು ಎಲ್ಲ ದಿಕ್ಕಿಗೂ ಚೆದುರಿಸುತ್ತವೆ, ಬಂದ ದಾರಿಗೂ ವಾಪಸು ಕಳಿಸುತ್ತವೆ. ದೀಪ ನಮ್ಮ ತಲೆಯ ಮೇಲೆಯೇ ಇದ್ದರೆ ಆ ವಾಪಸು ಬಂದ ಪಾಲೆಲ್ಲ ನೇರವಾಗಿ ನಮ್ಮ ಕಣ್ಣಿಗೇ. ಫಾಗ್ ಲ್ಯಾಂಪನ್ನು ಕಂಪನಿಗಳು ಬಂಪರಿನಷ್ಟು ಕೆಳಗೆ ಇಡುವುದು ಇದಕ್ಕೇ: ಕಣ್ಣಿನ ದೃಷ್ಟಿಯ ದಾರಿ ಒಂದು, ಬೆಳಕಿನ ದಾರಿ ಇನ್ನೊಂದು ಆಗಲಿ ಎಂದು. ನಾನೇ ಕೈ ಚಾಚಿ ಸ್ವಿಚ್ಚು ಆರಿಸಿದೆ. ಹಳೆಯ ಹೆಡ್‌ಲೈಟಿನ ಡಿಮ್ಮಿನಲ್ಲಿ ರಸ್ತೆಯ ಬಿಳಿ ಗೆರೆ ಮತ್ತೆ ಕಾಣಿಸಿಕೊಂಡಿತು. ಅಷ್ಟು ಸುಂದರವಾದ ಗೆರೆಯನ್ನು ನಾನು ಯಾವ ಚಿತ್ರಕಾರನಲ್ಲೂ ಕಂಡಿಲ್ಲ.

ಮಂಜಿಲ್ಲದ ರಾತ್ರಿಯ ಕಥೆ ಬೇರೆ. ಬೆಳಕು ಮೊದಲು ಬೀಳುವುದು ನಮ್ಮದೇ ಬಾನೆಟ್ಟಿನ ಮೇಲೆ. ನಮ್ಮ ಗಾಡಿ ಬಿಳಿ. ಫಳಫಳ ಹೊಳೆಯುವ ಬಾನೆಟ್ಟನ್ನು ನೋಡಿ ನೋಡಿ ಕಣ್ಣಿನ ಪಾಪೆ ಕಿರಿದಾಗುತ್ತದೆ, ಆಚೆಯ ಕತ್ತಲೆ ಇನ್ನೂ ಗಟ್ಟಿಯಾಗುತ್ತದೆ. ರ‍್ಯಾಲಿಯವರು ಇದಕ್ಕೇ ಬಾನೆಟ್ಟಿಗೆ ಹೊಳಪಿಲ್ಲದ ಕಪ್ಪು ಬಳಿಯುತ್ತಾರೆ, ನಾವೂ ಬಳಿಯೋಣ ಎಂದ ಹುಡುಗ. ಚಿಕ್ಕಮಗಳೂರಿನ ತೋಟಗಳಲ್ಲಿ ರ‍್ಯಾಲಿ ಕಾರುಗಳು ಧೂಳೆಬ್ಬಿಸುವುದನ್ನು ನಾನೂ ನೋಡಿದ್ದೇನೆ. ಆದರೆ ರ‍್ಯಾಲಿಯವರಿಗೆ ಎದುರಿನಿಂದ ಯಾರೂ ಬರುವುದಿಲ್ಲ, ರಸ್ತೆ ಮುಚ್ಚಿರುತ್ತಾರೆ. ನಮಗೆ ಎದುರಿಗೆ ಹಾಲಿನ ವ್ಯಾನು, ಬೈಕಿನ ಮೇಲೆ ಸಂಸಾರ, ಕೊನೆಯ ಬಸ್ಸು.

ಈ ಎದುರಿನವರ ಪರವಾಗಿ ಕಾನೂನು ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳನ್ನು ತೆರೆದು ಹುಡುಗನ ಮುಂದಿಟ್ಟೆ. 106ನೇ ನಿಯಮದಲ್ಲಿ ಒಬ್ಬ ಕಾಲ್ಪನಿಕ ಮನುಷ್ಯ ನಿಂತಿದ್ದಾನೆ: ದೀಪದಿಂದ 8 ಮೀಟರ್ ಮುಂದೆ, ಅರ್ಧ ಮೀಟರ್ ಬಲಕ್ಕೆ, ಕಣ್ಣು ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ. ಅವನ ಕಣ್ಣು ಕುಕ್ಕಬಾರದು, ಬೆಳಕು ಕೆಳಮುಖವಾಗಿರಬೇಕು. ಅಂಗಳದಲ್ಲಿ ಟೇಪು ಹಿಡಿದು ಅಳೆದು ಆ ಜಾಗದಲ್ಲಿ ಹುಡುಗನನ್ನೇ ನಿಲ್ಲಿಸಿ ದೀಪ ಹಚ್ಚಿದೆ. “ಸಾಕು ಮಾವ, ಸಾಕು!” ಎಂದು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ನಿಯಮಕ್ಕೆ ಇದಕ್ಕಿಂತ ಒಳ್ಳೆಯ ಭಾಷ್ಯ ಬೇಕಿಲ್ಲ. 111ನೇ ನಿಯಮವಂತೂ ವಾಹನದ ಮುಂಭಾಗದಲ್ಲಿ ಸ್ಪಾಟ್ ಲೈಟು, ಸರ್ಚ್ ಲೈಟು ಬೇಡವೇ ಬೇಡ ಎನ್ನುತ್ತದೆ. ವಿಶೇಷ ಸಂದರ್ಭಕ್ಕೆ ಬೇಕಾದರೆ ನೋಂದಣಿ ಅಧಿಕಾರಿಯ ಮುಂಚಿತ ಒಪ್ಪಿಗೆ ಪಡೆಯಬೇಕು. 2024ರ ಜುಲೈನಿಂದ ನಮ್ಮ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ದೀಪದವರ ಮೇಲೆ ಕೇಸು ಹಾಕಲು ಹೊರಟಾಗ ನನಗೆ ಆದ ಖುಷಿಯನ್ನು ಹುಡುಗನ ಮುಂದೆ ಹೇಳಿಕೊಳ್ಳಲಿಲ್ಲ.

ಆನೆ? ಆನೆ ಅಷ್ಟು ದಿನವೂ ಬರಲೇ ಇಲ್ಲ. ಬಂದಿದ್ದರೂ ಎಪ್ಪತ್ತು ವ್ಯಾಟನ್ನು ಅದರ ಮುಖಕ್ಕೆ ಹಿಡಿದು ನಿಲ್ಲುವ ಧೈರ್ಯ ಯಾರಿಗಿದೆ? ತಮಿಳುನಾಡಿನ ವಾಲ್ಪಾರೈ ಟೀ ತೋಟಗಳಲ್ಲಿ ಆನೆ ಹತ್ತಿರ ಬಂದರೆ ಎತ್ತರದಲ್ಲಿ ಒಂದು ಕೆಂಪು ದೀಪ ಉರಿಸುತ್ತಾರೆ, ಜನರ ಮೊಬೈಲಿಗೆ ಸಂದೇಶ ಕಳಿಸುತ್ತಾರೆ. ಆನೆಯನ್ನು ಹುಡುಕಿಕೊಂಡು ಹೋಗುವ ದೀಪಕ್ಕಿಂತ, ಹೋಗಬೇಡ ಎನ್ನುವ ಆ ಬಡ ದೀಪವೇ ನನಗೆ ಬುದ್ಧಿವಂತಿಕೆಯದಾಗಿ ಕಂಡಿತು. ನಮ್ಮ ದೀಪಕ್ಕೆ ತಪ್ಪದೆ ಬಂದದ್ದು ಮಳೆಹುಳ. ಮೊದಲ ಮಳೆ ಬಿದ್ದ ಸಂಜೆ ರೆಕ್ಕೆ ಮೂಡಿದ ಗೆದ್ದಲು ಸುತ್ತ ಇದ್ದದ್ದೆಲ್ಲ ನಮ್ಮ ನೆತ್ತಿಯನ್ನೇ ಹುಡುಕಿಕೊಂಡು ಬಂದು, ತೆರೆದ ಕಿಟಕಿಯಿಂದ ಒಳನುಗ್ಗಿ, ಸೀಟಿನ ತುಂಬ ರೆಕ್ಕೆ ಉದುರಿಸಿ ಹೋಯಿತು. ಗುಡಿಸಿದ್ದು ಯಾರೆಂದು ಕೇಳಬೇಡಿ. ಹುಡುಗನಿಗೆ ಆ ಹೊತ್ತಿಗೆ ಸರಿಯಾಗಿ ನೆಟ್‌ವರ್ಕ್ ಬಂದಿತ್ತು.

ಆದರೂ ಆ ಬಾರನ್ನು ನಾನು ಕಿತ್ತೆಸೆದಿಲ್ಲ. ಜನವರಿಯ ಒಂದು ರಾತ್ರಿ, ಕಣದ ತುಂಬ ಕಾಫಿ ಹರವಿದ್ದಾಗ ಅಕಾಲದಲ್ಲಿ ಗುಡುಗಿತು. ಕರೆಂಟು ಪದ್ಧತಿಯಂತೆ ಗುಡುಗಿಗೆ ಮುಂಚೆಯೇ ಹೋಗಿತ್ತು. ಒಣಗುತ್ತ ಬಂದ ಕಾಫಿ ನೆನೆದರೆ ಬೂಸ್ಟು ಹಿಡಿಯುತ್ತದೆ, ಬೆಲೆ ಬೀಳುತ್ತದೆ. ಹುಡುಗ ಓಡಿಹೋಗಿ ಪಿಕಪ್ಪನ್ನು ಕಣಕ್ಕೆ ಮುಖಮಾಡಿ ನಿಲ್ಲಿಸಿ, ಎಂಜಿನ್ ಚಾಲೂ ಇಟ್ಟು ನೆತ್ತಿಯ ದೀಪ ಹಚ್ಚಿದ. ಎತ್ತರದಿಂದ ಬಿದ್ದ ಬೆಳಕು. ಕಣದ ಮೂಲೆಯಲ್ಲಿ ಉರುಳಿದ್ದ ಒಂದೊಂದು ಕಾಳೂ ಕಂಡಿತು. ಎಲ್ಲರೂ ಸೇರಿ ಕಾಫಿ ಗುಡ್ಡೆ ಮಾಡಿ ಟಾರ್ಪಾಲು ಎಳೆದು ಕಲ್ಲು ಹೇರುವುದಕ್ಕೂ ಮಳೆ ದಬದಬ ಬೀಳುವುದಕ್ಕೂ ಸರಿಹೋಯಿತು. ಹೆಂಡತಿ ಒದ್ದೆ ಸೆರಗು ಹಿಂಡುತ್ತ, “ಬಲ್ಬಿಗಿಂತ ಇದೇ ವಾಸಿ” ಎಂದಳು. ನಮ್ಮ ಮನೆಯಲ್ಲಿ ಯಾವುದೇ ಯೋಜನೆಗೆ ಸಿಗುವ ಅತ್ಯುನ್ನತ ಪ್ರಶಸ್ತಿ ಅದು.

ಮರುವಾರವೇ ಕಾಕನ ಬಳಿ ಹೋಗಿ ಬಾರನ್ನು ಹಿಂದಕ್ಕೆ, ಮೂಟೆ ಏರಿಸಿ ಇಳಿಸುವ ಕಡೆಗೆ ತಿರುಗಿಸಿಕೊಂಡು ಬಂದೆ. ಕಣಕ್ಕೆ ಬೇಕಾದಾಗ ಗಾಡಿಯನ್ನು ರಿವರ್ಸ್ ಹಾಕಿ ನಿಲ್ಲಿಸಿದರಾಯಿತು. ರಸ್ತೆಗೆ ಇಳಿಯುವಾಗ ಅದಕ್ಕೆ ಕಪ್ಪು ಕವರು. ಮುಂದೆ ಬಂಪರಿನಲ್ಲಿ ಎರಡು ಹಳದಿ ಫಾಗ್ ಲ್ಯಾಂಪುಗಳಿವೆ. ಓಡುವ ಗಾಡಿಗೆ ನೆತ್ತಿಯ ದೀಪ ಶುದ್ಧ ಶೋಕಿ, ನಿಂತ ಗಾಡಿಗೆ ಅದರಷ್ಟು ಉಪಕಾರಿ ಬೇರೊಂದಿಲ್ಲ ಎಂಬುದು ನನ್ನ ತೀರ್ಪು. ಹುಡುಗ ಮೇಲ್ಮನವಿ ಸಲ್ಲಿಸಿದ್ದಾನೆ, ವಿಚಾರಣೆ ನಡೆಯುತ್ತಿದೆ. ನೀವೂ ಹಾಕಿಸುವವರಿದ್ದರೆ ರಿಲೇ ಇಡಿಸಿ, ಫ್ಯೂಸು ಬ್ಯಾಟರಿಯ ಪಕ್ಕದಲ್ಲಿರಲಿ, ಸೂರಿಗೆ ತೂತು ಬೇಡ. ಚಾರ್ಮಾಡಿಯ ತಿರುವಿನಲ್ಲಿ ಬಿಳಿ ಬೊಲೆರೊ ಒಂದು ಎದುರು ಸಿಕ್ಕರೆ, ದಯವಿಟ್ಟು ನಿಮ್ಮದನ್ನು ಆರಿಸಿ.