ಬಾಯಿಲ್ಲದ ಬೋಕಿಯ ಜೊತೆ ನಾಲ್ಕು ಮಾತು

ಹಾರ, ಪೇಟ, ಭಾಷಣಗಳ ಸಮೇತ ಒಂದು ಅಧ್ಯಯನ ಸಂಗ್ರಹದ ಉದ್ಘಾಟನೆಯಾಯಿತು. ಪುರಾತತ್ವದ ವಿದ್ಯಾರ್ಥಿಗಳು ಮಡಕೆ ಚೂರುಗಳನ್ನು ಮುಟ್ಟಿ, ತಿರುವಿ ನೋಡಿ ಕಲಿಯಲಿ ಎಂದು ಮಾಡಿದ್ದು. ಅಂದು ಸಂಜೆ ಗಾಜಿನ ಬೀರುವಿಗೆ ಬಿದ್ದ ಬೀಗ ಇನ್ನೂ ಬಿಚ್ಚಿಲ್ಲ. ಕೀಲಿ ಇರುವ ಗುಮಾಸ್ತರು ಹೋದ ವಾರ ಮೀಟಿಂಗಿನಲ್ಲಿದ್ದರು, ಈ ವಾರ ರಜೆ ಹಾಕಿದ್ದಾರಂತೆ. ಕಾದು ಸಾಕಾಗಿ ನೆಲಕ್ಕೆ ಕೂತೆ. ಬೀರುವಿನ ಕುಂಟು ಕಾಲಿಗೆ ಒತ್ತು ಕೊಟ್ಟಿದ್ದ ಬೋಕಿಯೊಂದು ಕಂಡಿತು. ಒಳಗೆ ಕಪ್ಪು, ಹೊರಗೆ ಕೆಂಪು. ಎಳೆದುಕೊಂಡೆ. ಬೀರು ತುಸು ವಾಲಿತು.

ನಮಸ್ಕಾರ. ತಾವು...?

ಹೊಟ್ಟೆ.

ಹಸಿವೇ?

ಮಡಕೆ ಹೊಟ್ಟೆ ಕಣಪ್ಪಾ! ಬೀರುವಿನೊಳಗೆ ಕೂತಿರೋರೆಲ್ಲ ಬಾಯಿಗಳು. ಅಗೆಯುವಾಗ ಬಾಯಿ ಸಿಕ್ಕಿದರೆ ತೊಳೀತಾರೆ, ಒಣಗಿಸ್ತಾರೆ, ಇಂಕಿನಲ್ಲಿ ನಂಬರು ಬರೆದು ಮೇಲೆ ಬಣ್ಣವಿಲ್ಲದ ನೈಲ್ ಪಾಲಿಶ್ ಬಳೀತಾರೆ, ಚಿತ್ರ ಬರೀತಾರೆ. ನಮ್ಮನ್ನ ಎಣಿಸಿ ಗುಡ್ಡೆ ಹಾಕ್ತಾರೆ. ಅಂಬಲಿ ನಿಂತದ್ದು ಯಾರಲ್ಲಿ? ಬಾಯಲ್ಲಾ?

‘ಹೊಟ್ಟೆ’ ಅಂದಿರಿ, ಎಷ್ಟು ಚೆಂದದ ಮಾತು! ಕುಂಬಾರರ ಬಾಯಲ್ಲಿ ಕುಡಿಕೆ, ಮೊಗೆ, ಗಡಿಗೆ, ಹರವಿ, ಗುಡಾಣ ಅಂತ ಒಂದು ಸಂತೆಯೇ ಇದೆ. ಒಳಗಿನ ಚೀಟಿಗಳಲ್ಲಿ ಮಾತ್ರ ‘ಗ್ಲಾಬ್ಯುಲರ್ ಪಾಟ್’, ‘ಕ್ಯಾರಿನೇಟೆಡ್ ಬೌಲ್’. ಇದು ನುಡಿದ್ರೋಹ ಅಲ್ಲವೇ?

ನನಗೆ ಚೀಟಿನೇ ಇಲ್ಲ.

ಆದರೂ ‘ಹರವಿ’ ಎಂಬ ಪದ...

ಹರವಿಗೂ ಬಾಯಿದೆ. ಬಾಯಿದ್ದೋರ ಸುದ್ದಿ ಬೇಡ.

ಸರಿ, ಬೀಗದ ವಿಚಾರಕ್ಕೆ ಬರೋಣ.

ನಾನು ಹೊರಗಿದೀನಿ, ಬೀಗದ ಗೊಡವೆ ನನಗ್ಯಾಕೆ? ಬಾಯಂಚಿನ ಬಾಗು ನೋಡಿ ಮಡಕೆ ಎಷ್ಟು ಅಗಲ ಅಂತ ಅಳೀತಾರಂತೆ. ಅಳೀಲಿ. ಸುಟ್ಟ ಬಗೆ ತಿಳೀಬೇಕಾದ್ರೆ ನನ್ನ ಮುರಿದ ಅಂಚು ಸಾಲದಾ? ಬೋರಲು ಹಾಕಿ ಸುಟ್ಟರು. ಒಳಗೆ ಗಾಳಿಯಾಡದೆ ಕಪ್ಪಾದೆ, ಹೊರಗೆ ಗಾಳಿ ತಗುಲಿ ಕೆಂಪಾದೆ. ಇದನ್ನ ಬೆಳಕಿಗೆ ಹಿಡಿದು ನೋಡಿದ ಹುಡುಗಿ ಮುದುಕಿಯಾದರೂ ಮರೆಯಲ್ಲ. ಪವರ್‌ಪಾಯಿಂಟಲ್ಲಿ ನೋಡಿದೋಳು ಪರೀಕ್ಷೆವರೆಗೆ ನೆನಪಿಟ್ಟರೆ ದೊಡ್ಡದು.

ಗುಂಡಗೆ ಉಜ್ಜಿದ ಬೋಕಿಗಳಿಗೆ ಉತ್ಖನನದ ವರದಿಗಳು ‘ಹಾಪ್‌ಸ್ಕಾಚ್’ ಅನ್ನುತ್ತವೆ! ಕುಂಟೆಬಿಲ್ಲೆ ಎನ್ನಲು ನಾಲಿಗೆ ಹೊರಳುವುದಿಲ್ಲವೇ?

ಅವರೂ ನಮ್ಮವರೇ, ಬರೀ ಹೊಟ್ಟೆಗಳು. ಉಜ್ಜಿಸಿಕೊಂಡು ಗುಂಡಗಾದ ಮೇಲೆ ಅವರಿಗೂ ಚೀಟಿ ಬಂತು.

ತಮ್ಮ ಊರು ಬ್ರಹ್ಮಗಿರಿಯೇ? 1947ರಲ್ಲಿ ಪುರಾತತ್ವಜ್ಞ ವೀಲರ್ ಅಲ್ಲಿ...

ವೀಲರ್ ಅಗೆದ. ಅಗೆದದ್ದನ್ನ ತಡಮಾಡದೆ ‘ಏನ್ಷಂಟ್ ಇಂಡಿಯಾ’ 4ನೇ ಸಂಚಿಕೆಯಲ್ಲಿ ಪದರ ಪದರವಾಗಿ ಬರೆದ. ಬ್ರಹ್ಮಗಿರಿ ಬೋಕಿಗೆ ಊರಿದೆ. ನನ್ನನ್ನ ಅಗೆದೋರು ವರದಿ ಬರೀಲಿಲ್ಲ. ನಿವೃತ್ತರಾದರು, ಸನ್ಮಾನ ಮಾಡಿಸಿಕೊಂಡರು. ನಮ್ಮ ಗೋಣಿಚೀಲ ಕೊಠಡಿಯಿಂದ ಕೊಠಡಿಗೆ ಅಲೀತು. ಚೀಟಿ ಇಲಿ ತಿಂತು. ಯಾವ ಗುಂಡಿ, ಯಾವ ಪದರ, ನನ್ನ ಮಗ್ಗುಲಲ್ಲಿ ಇದ್ದದ್ದು ಮೂಳೆಯೋ ಕಬ್ಬಿಣವೋ, ಎಲ್ಲಾ ಹೋಯ್ತು. ಹೊಲ ಆದರೆ ಮತ್ತೆ ಉಳಬಹುದು. ಅಗೆದ ಪದರವನ್ನ ಇನ್ನೊಂದು ಸಲ ಅಗೆಯೋಕಾಗುತ್ತಾ? ನಿಧಿಗಳ್ಳ ಅಗೆದರೆ ಪೊಲೀಸರನ್ನ ಕರೀತೀರಿ. ಅನುದಾನ ತಗೊಂಡು ಅಗೆದು, ಒಂದು ಸಾಲೂ ಬರೆಯದೆ ಮನೆಗೆ ಹೋದರೆ ಅದಕ್ಕೇನಂತ ಕರೀತೀರಿ? ಎರಡು ಸಾವಿರ ವರ್ಷ ಮಣ್ಣಲ್ಲಿ ಬದುಕಿದ್ದೆ ಕಣಯ್ಯಾ. ಸತ್ತದ್ದು ನಿಮ್ಮ ಸ್ಟೋರ್ ರೂಮಿನಲ್ಲಿ.

(ಅದಕ್ಕೊಂದು ಕನ್ನಡ ಪದ ಹುಡುಕಿದೆ. ಹೊಳೆಯಲಿಲ್ಲ.)

ಊರು ತಮಗೆ ಗೊತ್ತಿದೆಯಲ್ಲ? ಹೇಳಿ, ಬರೆದುಕೊಳ್ಳುತ್ತೇನೆ.

ಬೋಕಿ ಹೇಳಿತು ಅಂತ ಅಡಿಟಿಪ್ಪಣಿ ಹಾಕ್ತೀಯಾ? ಊರು ಕಳಕೊಂಡ ನಾವು ಸಂಶೋಧನೆಗೆ ಬರಲ್ಲ. ಹುಡುಗರ ಕೈಗಾದರೂ ಕೊಡ್ರಪ್ಪಾ. ಉಜ್ಜಲಿ, ಮೂಸಲಿ, ಬೀಳಿಸಲಿ. ಒಡೆದದ್ದನ್ನ ಇನ್ನೆಷ್ಟು ಒಡೆದಾರು?

ಅಷ್ಟರಲ್ಲಿ ಗುಮಾಸ್ತರೇ ಬಂದುಬಿಟ್ಟರು. “ಅಯ್ಯೋ, ಅದನ್ಯಾಕೆ ತೆಗೆದ್ರಿ ಸಾರ್? ಬೀರು ಅಲ್ಲಾಡುತ್ತೆ. ನಾಳೆ ತಪಾಸಣೆಗೆ ನ್ಯಾಕ್‌ನೋರು ಬರ್ತಿದಾರೆ” ಅಂದರು. ನನ್ನ ಕೈಯಿಂದ ಅದನ್ನು ಇಸಿದುಕೊಂಡು ಮೊದಲಿದ್ದಲ್ಲಿಗೆ ಕಾಲಿನಿಂದ ತಳ್ಳಿದರು. ಬೀರು ನೆಟ್ಟಗಾಯಿತು.